ಕಡಗೋಲಿಗೆ ಜಗ್ಗದ ಕಡಲು

ಮೊನ್ನೆ ಟೀವಿಯಲ್ಲಿ ಚಂಡಮಾರುತದ ಸುದ್ದಿ ಬರುತ್ತಿತ್ತು. ಮೊಮ್ಮಗಳು ಕೇಳಿದಳು: "ಅಜ್ಜಾ, ಯಾವಾಗ ನೋಡಿದ್ರೂ ಬಂಗಾಳ ಕೊಲ್ಲಿಯದೇ ಸುದ್ದಿ. ನಮ್ಮ ಅರಬ್ಬಿ ಸಮುದ್ರದಲ್ಲಿ ಯಾಕೆ ಅಷ್ಟೊಂದು ಏಳಲ್ಲ?"

ಕಾರಣಗಳು ಹಲವು. ಅವುಗಳಲ್ಲಿ ಒಂದನ್ನು ಅಡುಗೆಮನೆಯಲ್ಲೇ ತೋರಿಸ್ತೀನಿ, ಬಾ ಎಂದೆ.

ನೀವೂ ಮಾಡಿ ನೋಡಿ, ಪುಟಾಣಿಗಳೇ. ಗಾಜಿನ ಲೋಟದಲ್ಲಿ ಅರ್ಧದಷ್ಟು ನೀರು ತೆಗೆದುಕೊಂಡು ಎರಡು ಚಮಚ ಉಪ್ಪು ಕರಗಿಸಿ. ಇನ್ನೊಂದು ಲೋಟದ ಸಾದಾ ನೀರಿಗೆ, ಬೀಟ್‌ರೂಟ್ ಬೇಯಿಸಿ ತಣಿಸಿದ ನೀರನ್ನು ಬಣ್ಣ ಬರುವಷ್ಟು ಸೇರಿಸಿ. ಉಪ್ಪುನೀರಿಗೆ ತಾಗುವಂತೆ ಚಮಚ ಹಿಡಿದು, ಅದರ ಮೇಲೆ ಕೆಂಪು ನೀರನ್ನು ಮೆಲ್ಲಗೆ ಸುರಿಯಿರಿ. ಅವಸರ ಬೇಡ, ನಮ್ಮ ಮೊದಲ ಲೋಟ ಅವಸರದಲ್ಲೇ ಕೆಟ್ಟಿತು! ಉಪ್ಪುನೀರು ಭಾರ, ಅದು ಕೆಳಗೇ ಉಳಿಯುತ್ತದೆ. ಕೆಂಪು ನೀರು ಹಗುರ, ಮೇಲೆ ನಿಲ್ಲುತ್ತದೆ.

ಈಗ ಮೇಲಿನ ಪದರವನ್ನಷ್ಟೇ ಚಮಚದ ತುದಿಯಿಂದ ಮೆಲ್ಲನೆ ಕಲಕಿ. ಎರಡೂ ಬೆರೆತುಹೋಗುತ್ತವೆ ಅಂದುಕೊಂಡಿರಾ? ಇಲ್ಲ. ಮೇಲಿನ ಕೆಂಪು ಒಂದೇ ಸಮನಾಗುತ್ತದೆ. ಮೊದಲು ಮಸುಕಾಗಿದ್ದ ಗಡಿ ಗೆರೆ ಎಳೆದಂತೆ ಕಾಣುತ್ತದೆ. ಗಡಿ ಅಳಿಯಬೇಕಾದರೆ ಕೆಳಗಿನ ಭಾರದ ನೀರನ್ನು ಮೇಲಕ್ಕೆ ಎತ್ತಬೇಕು, ಅದಕ್ಕೆ ಬಲ ಬೇಕು. ಮಜ್ಜಿಗೆ ಕಡೆದಂತೆ ಜೋರಾಗಿ ತಿರುಗಿಸಿ. ದೊಡ್ಡ ಸುಳಿ ಒಡೆದು ಸಣ್ಣ ಸುಳಿ, ಅದು ಒಡೆದು ಇನ್ನೂ ಸಣ್ಣದು, ಕೊನೆಗೆ ಇಡೀ ಲೋಟ ಒಂದೇ ಬಣ್ಣ.

ಕಡಲಿನಲ್ಲಿ ಗಾಳಿಯೇ ಕಡಗೋಲು. ಮಳೆಗಾಲದಲ್ಲಿ ಅರಬ್ಬಿ ಸಮುದ್ರದ ಮೇಲೆ ಗಾಳಿ ಬಲು ಜೋರು. ಅದು ಕೆಳಗಿನ ತಣ್ಣೀರನ್ನು ಮೇಲಿನದರ ಜೊತೆ ಬೆರೆಸಿ ಕಡಲನ್ನು ತಂಪು ಮಾಡುತ್ತದೆ. ಬಂಗಾಳ ಕೊಲ್ಲಿಯ ಕಥೆ ಬೇರೆ. ಗಂಗೆ, ಬ್ರಹ್ಮಪುತ್ರ, ಐರಾವತಿ, ಮಹಾನದಿ, ಗೋದಾವರಿ ಎಲ್ಲವುಗಳ ಸಿಹಿನೀರೂ ಅಲ್ಲಿಗೇ. ನಮ್ಮ ತುಂಗೆಯೂ ಪಶ್ಚಿಮ ಘಟ್ಟದಲ್ಲಿ ಹುಟ್ಟಿ, ಹತ್ತಿರದ ಅರಬ್ಬಿ ಸಮುದ್ರಕ್ಕೆ ಬೆನ್ನು ಮಾಡಿ, ಕೃಷ್ಣೆಯನ್ನು ಸೇರಿ ಅತ್ತಲೇ ಹೋಗುತ್ತಾಳೆ. ಸಾಲದ್ದಕ್ಕೆ ಮೇಲಿಂದ ಮಳೆ. ಸಾಮಾನ್ಯವಾಗಿ ಒಂದು ಕಿಲೋ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಕೊಲ್ಲಿಯ ಉತ್ತರ ಭಾಗದ ಮೇಲ್ನೀರಿನಲ್ಲಿ ಹಲವೆಡೆ 30 ಗ್ರಾಂ ಕೂಡ ಇರುವುದಿಲ್ಲ. ಈ ಹಗುರ ನೀರು ಮುಚ್ಚಳದಂತೆ ಕೂತುಬಿಡುತ್ತದೆ. ಗಾಳಿ ಮುಚ್ಚಳವನ್ನು ಕಲಕುತ್ತದೆಯೇ ಹೊರತು ಅದನ್ನು ದಾಟಿ ಕೆಳಗಿಳಿಯುವುದು ಕಷ್ಟ. ಹಾಗಾಗಿ ಮೇಲ್ನೀರು 28 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬೆಚ್ಚಗೇ ಇರುತ್ತದೆ.

ಬೆಚ್ಚಗಿನ ನೀರೇ ಚಂಡಮಾರುತದ ಊಟ. ಬೇರೆ ಕಡೆ ಅದು ಕಡಲನ್ನು ಕಡೆದು, ತಣ್ಣೀರು ಎಬ್ಬಿಸಿಕೊಂಡು, ತನ್ನ ಅನ್ನಕ್ಕೆ ತಾನೇ ಮಣ್ಣು ಹಾಕಿಕೊಳ್ಳುತ್ತದೆ. ಮುಚ್ಚಳವಿರುವ ಕಡೆ ತಣ್ಣೀರು ಅಷ್ಟು ಸುಲಭವಾಗಿ ಮೇಲೆ ಬರುವುದಿಲ್ಲ. 1999ರ ಅಕ್ಟೋಬರಿನಲ್ಲಿ ಒಡಿಶಾಕ್ಕೆ ಬಡಿದ ಚಂಡಮಾರುತ ನಿಮ್ಮ ಅಜ್ಜ-ಅಜ್ಜಿಯರಿಗೆ ನೆನಪಿರಬಹುದು. ಸುಮಾರು ಹತ್ತು ಸಾವಿರ ಜನ ಹೋದರು. ದೋಣಿ ಇಳಿಸಬೇಡಿ ಎಂದು ಹೊತ್ತಿಗೆ ಸರಿಯಾಗಿ ಹೇಳಬೇಕಾದರೆ ಮೋಡ ನೋಡಿದರೆ ಸಾಲದು, ನೀರಿನೊಳಗಿನ ಪದರವೂ ಗೊತ್ತಿರಬೇಕು. ಅದಕ್ಕೆಂದೇ ಆರ್ಗೊ ಎಂಬ ತೇಲುಯಂತ್ರಗಳಿವೆ. ಹತ್ತು ದಿನಕ್ಕೊಮ್ಮೆ ಸುಮಾರು 2,000 ಮೀಟರ್ ಆಳದಿಂದ ಮೇಲೇರುತ್ತ, ದಾರಿಯುದ್ದಕ್ಕೂ ಉಪ್ಪು ಮತ್ತು ಬಿಸಿಯನ್ನು ಅಳೆದು ಉಪಗ್ರಹಕ್ಕೆ ಕಳಿಸುತ್ತವೆ. ಭಾರತದ ಆರ್ಗೊ ಲೆಕ್ಕವೆಲ್ಲ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯಲ್ಲಿ ಸೇರುತ್ತದೆ.

ಇನ್ನೊಂದು ವಿಷಯ ಹೇಳಲೇಬೇಕು. ಚಳಿಗಾಲದಲ್ಲಿ ಕೊಲ್ಲಿಯ ಹಗುರ ನೀರಿನ ಒಂದು ಪಾಲು ಶ್ರೀಲಂಕಾವನ್ನು ಬಳಸಿಕೊಂಡು ನಮ್ಮ ಪಶ್ಚಿಮ ಕರಾವಳಿಯತ್ತ ಹರಿದು ಬರುತ್ತದೆ.

"ಹಾಗಾದ್ರೆ ತುಂಗೆ ವಾಪಸ್ ಬಂದ ಹಾಗಾಯ್ತಲ್ಲ ಅಜ್ಜಾ!" ಎಂದಳು ಮೊಮ್ಮಗಳು.

ಒಂದೆರಡು ಹನಿಯಾದರೂ ಬಂದಿರಬೇಕು ಎಂದೆ.