ಜೀಪಿನ ಸದ್ದು ಯಾರ ಕಿವಿಗೆ?

ಸುಗ್ಗಿ ಹತ್ತಿರವಾದಂತೆ ನಮ್ಮ ಕೆಲವು ಸದಸ್ಯರ ಜೀಪುಗಳು ರೋಣ, ನರಗುಂದ, ಗಜೇಂದ್ರಗಡದ ಕಡೆಗೆ ಮುಖ ಮಾಡುವುದು ವಾಡಿಕೆಯಾಗಿದೆ. ಕೊಯ್ಲಿಗೆ ಆಳುಗಳನ್ನು ಕರೆತರಬೇಕು. ಕಾಫಿ ಸೀಮೆಯಿಂದ ಗಜೇಂದ್ರಗಡಕ್ಕೆ ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಹೋಗಿ ಬಂದವರ ದೂರು ಒಂದೇ: ಎರಡು ದಿನ ಕಿವಿ ಗುಯ್‌ಗುಡುತ್ತದೆ. ಸದ್ದು ತಡೆಯುವ ಶೀಟನ್ನು ಸಂಘದ ಮೂಲಕವೇ ತರಿಸಿಕೊಡಿ ಎಂದು ಕೇಳುವವರೂ ಇದ್ದಾರೆ. ಕೇಳಿಕೆ ನ್ಯಾಯವಾದದ್ದೇ. ಆದರೆ ಹಣವನ್ನು ಎಲ್ಲಿ ಹಾಕಬೇಕು, ಯಾರ ಕಿವಿಗಾಗಿ ಹಾಕಬೇಕು ಎಂಬ ಎರಡು ಪ್ರಶ್ನೆಗಳನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಬೇಕೆಂದು ನಮ್ಮ ಅಭಿಪ್ರಾಯ.

ಸದ್ದೆಂದರೆ ಬರಿಯ ಕಿರಿಕಿರಿಯಲ್ಲ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ಇರಬಾರದೆಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸು. ಅಲ್ಲಿಂದ ಮೇಲೆ ಪ್ರತಿ 3 ಡೆಸಿಬೆಲ್‌ಗೆ ಅವಧಿ ಅರ್ಧವಾಗುತ್ತ ಬರುತ್ತದೆ: 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಅಳೆಯುವ ಉಪಕರಣ ಇಲ್ಲದವರು ಹೀಗೆ ತಿಳಿಯಬಹುದು: ಕೈಯಳತೆಯಲ್ಲಿ ಕುಳಿತವರೊಡನೆ ಕೂಗಿ ಮಾತಾಡಬೇಕಾದರೆ ಸದ್ದು ಮಿತಿ ಮೀರಿದೆ ಎಂದೇ ಲೆಕ್ಕ. ಕಿವಿಯ ಒಳಗಿನ ಸೂಕ್ಷ್ಮ ಕೋಶಗಳು ಒಮ್ಮೆ ಸತ್ತರೆ ಮತ್ತೆ ಚಿಗುರುವುದಿಲ್ಲ.

ಶೀಟಿಗೆ ಕೈ ಹಾಕುವ ಮುನ್ನ ಸದ್ದಿನ ಮೂಲ ಹುಡುಕಬೇಕು. ಡೆಸಿಬೆಲ್ ಲೆಕ್ಕ ನಮ್ಮ ಸಾಮಾನ್ಯ ಕೂಡು ಕಳೆಯುವ ಲೆಕ್ಕವಲ್ಲ. ಸಮನಾದ ಎರಡು ಸದ್ದುಗಳಲ್ಲಿ ಒಂದನ್ನು ಪೂರ್ತಿ ನಿಲ್ಲಿಸಿದರೂ ಇಳಿಯುವುದು 3 ಡೆಸಿಬೆಲ್ ಮಾತ್ರ. ದೊಡ್ಡ ಸದ್ದನ್ನು ಬಿಟ್ಟು ಸಣ್ಣದರ ಹಿಂದೆ ಬಿದ್ದರೆ ಹಣ ಹೋದದ್ದೇ ಲಾಭ. ನರಗುಂದದ ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವಂಥದ್ದು. ಅದರ ಮೇಲಿನ ರಸ್ತೆಯೂ ಅಲೆಯಲೆಯಾಗುತ್ತದೆ. ಅಲ್ಲಿ ಓಡಿದ ಗಾಡಿಯಲ್ಲಿ ಬೋಲ್ಟು, ಕೀಲು, ಹಿಂಬಾಗಿಲ ಕೊಂಡಿ ಎಲ್ಲವೂ ಸಡಿಲ. ಅವನ್ನು ಬಿಗಿಸಿ, ಬಾಗಿಲ ಹರಿದ ರಬ್ಬರನ್ನೂ ಗೇರ್ ಲಿವರಿನ ಬುಡದ ರಬ್ಬರನ್ನೂ ಬದಲಿಸಿ, ಎಂಜಿನ್ ಕಡೆಯಿಂದ ಒಳಬರುವ ವೈರುಗಳ ಸುತ್ತಲಿನ ಸಂದು ಮುಚ್ಚಿದರೆ ಅಲ್ಪ ಖರ್ಚಿನಲ್ಲಿ ಬಹಳಷ್ಟು ಕೆಲಸವಾಗುತ್ತದೆ. ಸೈಲೆನ್ಸರ್ ತೂತಾಗಿದ್ದರೆ ಅದು ಸದ್ದಿನ ಮಾತಲ್ಲ, ಪ್ರಾಣದ ಮಾತು. ಸದ್ದಿನ ಜೊತೆ ಒಳಗೆ ಬರುವ ಹೊಗೆಯಲ್ಲಿ ವಾಸನೆಯಿಲ್ಲದ ವಿಷಾನಿಲವೂ ಇರುತ್ತದೆ.

ಇನ್ನು ಸಾಮಗ್ರಿ. ತಗಡಿನ ನಡುಕ ತಗ್ಗಿಸಲು ಬ್ಯುಟೈಲ್ ರಬ್ಬರ್ ಶೀಟು ಒಳ್ಳೆಯದು. ಇಡೀ ಗಾಡಿಗೆ ಹಾಸಬೇಕಿಲ್ಲ. ತಗಡನ್ನು ಬೆರಳಿನಿಂದ ತಟ್ಟಿ, ಡೋಲಿನಂತೆ ನುಡಿಯುವ ಜಾಗಗಳ ನಡುವೆ ಕಾಲು ಭಾಗದಷ್ಟು ಅಂಟಿಸಿದರೂ ಹೆಚ್ಚಿನ ಫಲ ಅಷ್ಟರಲ್ಲೇ ಸಿಗುತ್ತದೆ. ಅಗ್ಗವೆಂದು ಚಾವಣಿಗೆ ಹಾಕುವ ಡಾಂಬರು ಶೀಟು ತಂದರೆ ರೋಣದ ಏಪ್ರಿಲ್ ಬಿಸಿಲಿಗೆ ಅದು ಮೆತ್ತಗಾಗಿ ನಾರುತ್ತದೆ. ನೀರು ಹೀರುವ ಸ್ಪಂಜನ್ನು ನೆಲಕ್ಕೆ ಅಂಟಿಸಿದರೆ ನಮ್ಮ ಮಳೆಗಾಲದಲ್ಲಿ ಒಳಗೊಳಗೇ ತುಕ್ಕು ಹಿಡಿದು ತಗಡು ಜರಡಿಯಾಗುತ್ತದೆ. ಒಂದೇ ಗಾಡಿ ಎರಡೂ ಹವೆಯನ್ನು ತಾಳಬೇಕಾದುದರಿಂದ ಎ.ಸಿ. ಪೈಪಿಗೆ ಸುತ್ತುವಂಥ, ನೀರು ಹೀರದ ಕಪ್ಪು ರಬ್ಬರ್ ಫೋಮೇ ಲೇಸು. ಬಾಗಿಲಡಿಯ ನೀರಿಳಿಯುವ ತೂತುಗಳನ್ನು ಮಾತ್ರ ಮುಚ್ಚಬಾರದು. ಮೊಟ್ಟೆಯ ಟ್ರೇ, ಥರ್ಮೋಕೋಲು ಎಂಜಿನ್ನಿನ ಗುಡುಗನ್ನು ತಡೆಯಲಾರವು.

ಅಗ್ಗದ ಒಂದು ಉಪಾಯ ಆ ಸೀಮೆಯಲ್ಲೇ ಇದೆ. ಹತ್ತಿ ಬೆಳೆವ ನಾಡು; ಗಜೇಂದ್ರಗಡವಂತೂ ನೇಕಾರರ ಊರು. ಅಲ್ಲಿಯ ಹೆಂಗಸರು ಹಳೆಯ ಸೀರೆ, ಬಟ್ಟೆಗಳನ್ನು ಪದರ ಪದರವಾಗಿ ಹೊಲಿದು ಮಾಡುವ ಕೌದಿ ಸದ್ದನ್ನು ಹೀರುವ ವಸ್ತುವೇ ಸರಿ. ಹಳೆಯ ಹತ್ತಿ ಬಟ್ಟೆಯಿಂದ ಮಾಡಿದ ಫೆಲ್ಟನ್ನು ಕಾರು ಕಾರ್ಖಾನೆಗಳೂ ಬಳಸುತ್ತವೆ. ಕೌದಿಯನ್ನು ಅಂಟಿಸದೆ ರಬ್ಬರ್ ಮ್ಯಾಟಿನ ಮೇಲೆ ಹಾಸಿದರೆ ಒದ್ದೆಯಾದಾಗ ತೆಗೆದು ಒಣಗಿಸಬಹುದು. ಸೈಲೆನ್ಸರ್ ಪೈಪು ಹಾದು ಬಿಸಿಯಾಗುವ ಕಡೆ ಬಟ್ಟೆ ಬೇಡ.

ಈಗ ಎರಡನೆಯ ಪ್ರಶ್ನೆ. ಸಾಮಾನ್ಯವಾಗಿ ಶೀಟು ಬೀಳುವುದು ಮುಂದಿನ ಬಾಗಿಲುಗಳಿಗೆ, ಅಂದರೆ ಯಜಮಾನರ ಪಕ್ಕಕ್ಕೆ. ಆದರೆ ನಮ್ಮ ಜೀಪುಗಳ ಹಿಂದಿನ ಅಡ್ಡ ಬೆಂಚು ಇರುವುದು ಚಕ್ರದ ಮೇಲೆಯೇ. ಬೆನ್ನಿಗೆ ಬರಿ ತಗಡು, ಪಕ್ಕಕ್ಕೆ ಗಡಗಡಿಸುವ ಹಿಂಬಾಗಿಲು. ಅಲ್ಲಿ ಕೂರುವವರು ನಮ್ಮ ತೋಟದ ಹಣ್ಣು ಕೊಯ್ಯಲು ಬರುವವರು. ಎಷ್ಟೋ ಸಲ ಕಂಕುಳಲ್ಲಿ ಕೂಸೂ ಇರುತ್ತದೆ. ಒಂದು ದಿನದ ದಾರಿಗೆ ಇಷ್ಟೆಲ್ಲ ಏಕೆ ಎನ್ನುವವರಿದ್ದಾರೆ. ಒಂದು ದಿನದ್ದಾದರೆ ಮುಂದಿನ ಸೀಟಿಗೂ ಅದೇ ಮಾತು ಅನ್ವಯಿಸಬೇಕಲ್ಲವೆ? ಆಳು ಸಿಗುವುದಿಲ್ಲವೆಂದು ಪ್ರತಿ ಸಭೆಯಲ್ಲೂ ಹಲುಬುವ ನಾವು, ಕರೆತರುವ ದಾರಿಯಲ್ಲಿ ಅವರನ್ನು ಹೇಗೆ ಕೂರಿಸುತ್ತೇವೆ ಎಂದು ಯೋಚಿಸಿದರೆ ತಪ್ಪಿಲ್ಲ. ಮುಂದಿನ ವರ್ಷ ಅವರು ಮತ್ತೆ ಬರುವುದೂ ಬಾರದಿರುವುದೂ ಇಂಥ ಸಣ್ಣ ಸಂಗತಿಗಳನ್ನು ಅವಲಂಬಿಸಿದೆ. ಸಾಮಾನು ಸಾಗಿಸುವ ಗಾಡಿಯಲ್ಲಿ ಜನರನ್ನು ತುಂಬುವುದಂತೂ ಕಾನೂನಿಗೂ ಮನುಷ್ಯತ್ವಕ್ಕೂ ಸಲ್ಲದು.

ಆದ್ದರಿಂದ ನಮ್ಮ ಸಲಹೆ ಇಷ್ಟು. ಮೊದಲು ದುರಸ್ತಿ, ಅನಂತರ ಚಕ್ರದ ಗೂಡು ಮತ್ತು ಹಿಂಬಾಗಿಲು, ಹಣ ಉಳಿದರೆ ಮುಂದಿನ ಬಾಗಿಲು. ರಬ್ಬರ್ ಶೀಟು ಬೇಕಾದವರು ಹೆಸರು ಕೊಟ್ಟರೆ ಸಂಘ ಒಟ್ಟಿಗೆ ಖರೀದಿಸಿ ಹಂಚಬಹುದು. ಬಿಡಿಯಾಗಿ ಕೊಳ್ಳುವುದಕ್ಕಿಂತ ಅಗ್ಗವಾದೀತು. ಕೌದಿಗಳನ್ನು ಕೆಲಸಕ್ಕೆ ಬರುವ ಕುಟುಂಬಗಳಿಂದಲೇ ನ್ಯಾಯವಾದ ಬೆಲೆ ಕೊಟ್ಟು ಹೊಲಿಸೋಣ. ಮುಂದಿನ ಮಹಾಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಇಡುತ್ತೇವೆ. ಸದಸ್ಯರು ಬರುವ ಮುನ್ನ ತಮ್ಮ ಜೀಪಿನ ಹಿಂದಿನ ಬೆಂಚಿನಲ್ಲಿ ಒಂದು ಗಂಟೆ ಕುಳಿತು ಬರಬೇಕೆಂದು ಕೋರುತ್ತೇವೆ.