ತಾಲೂಕು ಪಟ್ಟಣಗಳಿಗೆ ಸಂಚಾರ ಇಂಜಿನಿಯರು ಬೇಡವೆ?

ರಸ್ತೆಯನ್ನು ಹಾಕಿಸುವ ಇಂಜಿನಿಯರನ್ನು ನಮ್ಮ ಜನರು ಚೆನ್ನಾಗಿ ಬಲ್ಲರು. ಸೇತುವೆಯನ್ನು ಕಟ್ಟಿಸುವವರನ್ನೂ ಚರಂಡಿಯ ಅಂದಾಜುಪಟ್ಟಿಯನ್ನು ಬರೆಯುವವರನ್ನೂ ಬಲ್ಲರು. ಆದರೆ ಹಾಕಿದ ರಸ್ತೆಯ ಮೇಲೆ ಯಾರು, ಎಷ್ಟು ಮಂದಿ, ಯಾವ ಹೊತ್ತಿನಲ್ಲಿ, ಯಾವ ದಿಕ್ಕಿಗೆ, ಎಷ್ಟು ವೇಗದಿಂದ ಹೋಗುತ್ತಾರೆಂಬುದನ್ನು ಎಣಿಸಿ ನೋಡುವುದನ್ನೇ ಕಸುಬಾಗಿ ಮಾಡಿಕೊಂಡಿರುವ ಇಂಜಿನಿಯರೊಬ್ಬರು ಇರುತ್ತಾರೆಂಬ ಸಂಗತಿಯು ಚನ್ನಗಿರಿಯಂತಹ ಊರಿನ ನಾಗರಿಕರ ಕಿವಿಗೆ ಇನ್ನೂ ಹೊಸದಾಗಿಯೇ ಕೇಳಿಸುವುದು. ಈ ಅಪರಿಚಯಕ್ಕೆ ನಾಗರಿಕರು ಹೊಣೆಗಾರರಲ್ಲ. ಅಂತಹ ಇಂಜಿನಿಯರು ಈ ಕಡೆಗೆ ಬಂದರಲ್ಲವೆ ಪರಿಚಯವಾಗುವುದು?

ಚನ್ನಗಿರಿಯ ಸ್ಥಿತಿಯನ್ನೇ ನೋಡೋಣ. ಶಿವಮೊಗ್ಗ, ದಾವಣಗೆರೆ, ಹೊಳಲ್ಕೆರೆಗಳ ಕಡೆಯ ದಾರಿಗಳು ಬಂದು ಕೂಡುವ ಊರಿದು. ಅಡಿಕೆಯ ವ್ಯಾಪಾರದಿಂದ ಬೆಳೆದ ಊರು. ಸುಗ್ಗಿಯ ಕಾಲದಲ್ಲಿ ತೋಟದಿಂದ ಬರುವ ಟ್ರ್ಯಾಕ್ಟರು, ಮಂಡಿಯಿಂದ ಹೊರಡುವ ಲಾರಿ, ಹಳ್ಳಿಗಳಿಂದ ಜನರನ್ನು ತುಂಬಿಕೊಂಡು ಬರುವ ಬಸ್ಸು, ಶಾಲೆಗೆ ಹೋಗುವ ಮಕ್ಕಳು, ಇವೆಲ್ಲವೂ ಒಂದೇ ದಾರಿಯನ್ನು ಒಂದೇ ಹೊತ್ತಿನಲ್ಲಿ ಹಂಚಿಕೊಳ್ಳಬೇಕಾಗುತ್ತದೆ. ೧೯೯೭ರಲ್ಲಿ, ಇದೇ ತಾಲೂಕಿನವರಾದ ಜೆ. ಎಚ್. ಪಟೇಲರು ಮುಖ್ಯಮಂತ್ರಿಗಳಾಗಿದ್ದಾಗ, ದಾವಣಗೆರೆಯು ಪ್ರತ್ಯೇಕ ಜಿಲ್ಲೆಯಾಯಿತು. ಅದುವರೆಗೆ ಕಚೇರಿಯ ಕೆಲಸಕ್ಕೆಂದು ಶಿವಮೊಗ್ಗೆಗೆ ಹೋಗುತ್ತಿದ್ದವರು ದಾವಣಗೆರೆಯ ಕಡೆಗೆ ತಿರುಗಿದರು. ವ್ಯಾಪಾರ ವೈದ್ಯಗಳಿಗೆ ಎರಡು ಕಡೆಗೂ ಓಡಾಟ ಉಳಿಯಿತು. ಹೀಗೆ ಒಂದು ಊರಿನ ಪ್ರಯಾಣದ ಮುಖವೇ ತಿರುಗಿದಾಗ ಅದರ ಬೀದಿಗಳ ವ್ಯವಸ್ಥೆಯನ್ನು ಪುನಃ ಪರಿಶೀಲಿಸಬೇಕೆಂಬುದು ಸಾಮಾನ್ಯ ವಿವೇಕಕ್ಕೂ ಹೊಳೆಯುವ ಮಾತು. ಲೋಕೋಪಯೋಗಿ ಇಲಾಖೆಯವರು ಹೆದ್ದಾರಿಗಳಲ್ಲಿ ವಾಹನಗಣತಿಯನ್ನು ಮಾಡುವುದುಂಟು, ನಾವು ಅಲ್ಲಗಳೆಯುವುದಿಲ್ಲ. ಆದರೆ ಊರ ಹೊರಗಿನ ಗಣತಿಯು ಊರ ಒಳಗಿನ ತಿರುವಿನ ಕಥೆಯನ್ನು ಹೇಳಲಾರದು.

ತಾಲೂಕು ಪಟ್ಟಣಗಳಲ್ಲಿ ನಾವು ಕಾಣುವ ಪರಿಹಾರಗಳಾದರೂ ಎರಡೇ. ಅಂಗಡಿಗಳ ಮುಂಗಟ್ಟನ್ನು ಒಡೆದು ರಸ್ತೆಯನ್ನು ಅಗಲಮಾಡುವುದು ಒಂದು. ಅಪಘಾತವಾಗಿ ಯಾರಾದರೂ ಸತ್ತ ಮರುದಿನ ಆ ಸ್ಥಳದಲ್ಲಿ ಒಂದು ಉಬ್ಬನ್ನು ಹಾಕುವುದು ಇನ್ನೊಂದು. ಈ ಉಬ್ಬಿನ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ೧೯೩೪ರಲ್ಲಿ ಸ್ಥಾಪನೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸೆಂಬ ಸಂಸ್ಥೆಯು ಉಬ್ಬಿಗೂ ಒಂದು ಪ್ರಮಾಣವನ್ನು ವಿಧಿಸಿದೆ: ಎತ್ತರ ಹತ್ತು ಸೆಂಟಿಮೀಟರು, ಅಗಲ ೩.೭ ಮೀಟರು, ಬೆನ್ನಿನ ವಕ್ರತೆಯ ತ್ರಿಜ್ಯ ೧೭ ಮೀಟರು. ಗಂಟೆಗೆ ಸುಮಾರು ೨೫ ಕಿಲೋಮೀಟರಿನ ವೇಗದಲ್ಲಿ ಅಪಾಯವಿಲ್ಲದೆ ದಾಟತಕ್ಕದ್ದು. ನಮ್ಮ ಊರುಗಳ ದಾರಿಯಲ್ಲಿ ಬಿದ್ದಿರುವುದೇನು? ಒಂದು ಮೊಳದ ಅಗಲಕ್ಕೆ ಡಾಮರನ್ನು ಗುಡ್ಡೆಹಾಕಿ, ಬಣ್ಣವನ್ನೂ ಬಳಿಯದೆ, ಫಲಕವನ್ನೂ ನೆಡದೆ ಬಿಟ್ಟ ದಿಣ್ಣೆ. ಗರ್ಭಿಣಿಯರೂ ವೃದ್ಧರೂ ಅದರ ಮೇಲೆ ಹಾಯುವಾಗ ಯಾರನ್ನು ಶಪಿಸುತ್ತಾರೆಂಬುದನ್ನು ಅಧಿಕಾರಿವರ್ಗದವರು ಒಮ್ಮೆ ಹಳ್ಳಿಯ ಬಸ್ಸಿನ ಹಿಂದಿನ ಆಸನದಲ್ಲಿ ಕುಳಿತು ತಿಳಿಯತಕ್ಕದ್ದು.

ಹಾಗಾದರೆ ಈ ಸಂಚಾರ ಇಂಜಿನಿಯರೆಂಬುವನು ಯಾರು? ಅವನು ಮೊದಲು ಸಿವಿಲ್ ಇಂಜಿನಿಯರಿಂಗ್ ಪದವಿಯನ್ನು ಪಡೆದು, ಆಮೇಲೆ ಸಾರಿಗೆ ಶಾಸ್ತ್ರವನ್ನು ವಿಶೇಷವಾಗಿ ಓದಿದವನು. ನಮ್ಮ ನಾಡಿನಲ್ಲಿ ಈ ವಿದ್ಯೆಗೆ ಕೊರತೆಯಿಲ್ಲ. ವಿಶ್ವೇಶ್ವರಯ್ಯನವರು ೧೯೧೭ರಲ್ಲಿ ಸ್ಥಾಪಿಸಿದ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿಯೂ ಸುರತ್ಕಲ್ಲಿನಲ್ಲಿಯೂ ಇದರ ಪಾಠವು ನಡೆಯುತ್ತದೆ. ದೇಶದ ಇಂಜಿನಿಯರಿಂಗ್ ವಿದ್ಯಾರ್ಥಿಗಳು ತಲೆಮಾರುಗಳಿಂದ ಓದುತ್ತಿರುವ ಹೆದ್ದಾರಿ ಶಾಸ್ತ್ರದ ಗ್ರಂಥದ ಇಬ್ಬರು ಕರ್ತೃಗಳಲ್ಲಿ ಒಬ್ಬರಾದ ಸಿ. ಇ. ಜಿ. ಜಸ್ಟೊ ಅವರು ಬೆಂಗಳೂರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದವರು. ಓದು ಮುಗಿಸಿದ ತರುಣನ ಮೊದಲ ಅನುಭವವು ಬಿಸಿಲಿನಲ್ಲಿ ಕೂಡುರಸ್ತೆಯ ಮೂಲೆಯಲ್ಲಿ ನಿಂತು ವಾಹನಗಳನ್ನು ಎಣಿಸುವುದು. ಅದರಲ್ಲಿಯೂ ಒಂದು ಸೊಗಸಿದೆ. ಎಲ್ಲ ವಾಹನವೂ ಒಂದೇ ಲೆಕ್ಕವಲ್ಲ. ಕಾರನ್ನು ಒಂದೆಂದು ಹಿಡಿದರೆ, ಹಳ್ಳಿಗಾಡಿನ ರಸ್ತೆಯಲ್ಲಿ ಲಾರಿಗೆ ಮೂರು, ಟ್ರೈಲರು ಕಟ್ಟಿದ ಟ್ರ್ಯಾಕ್ಟರಿಗೆ ನಾಲ್ಕೂವರೆ, ದೊಡ್ಡ ಎತ್ತಿನ ಗಾಡಿಗೆ ಎಂಟು ಎಂದು ರೋಡ್ಸ್ ಕಾಂಗ್ರೆಸ್ಸು ೧೯೯೦ರಲ್ಲಿ ನಿರ್ಣಯಿಸಿತು. ಎತ್ತಿನ ಗಾಡಿಯು ಎಂಟು ಕಾರುಗಳಿಗೆ ಸಮವೆಂದು ಸರಕಾರಿ ಲೆಕ್ಕವೇ ಒಪ್ಪಿದೆಯೆಂಬುದನ್ನು ನಮ್ಮ ರೈತರು ಕೇಳಿದರೆ ಹಿಗ್ಗಿಯಾರು!

ಎಣಿಕೆಯಾದ ಮೇಲೆ ಗಣಿತ. ಇಂಗ್ಲೆಂಡಿನ ಸಂಶೋಧನಾಲಯದ ವೆಬ್‌ಸ್ಟರ್ ಎಂಬವರು ೧೯೫೮ರಲ್ಲಿ ಸಂಜ್ಞಾದೀಪದ ಸುತ್ತಿಗೆ ಒಂದು ಸೂತ್ರವನ್ನು ಕೊಟ್ಟರು. ಕೂಡುರಸ್ತೆಗೆ ತಡೆಯಬಲ್ಲ ಪೂರ್ಣ ಭಾರವನ್ನು ಒಂದೆಂದು ತಿಳಿದು, ಈಗಿರುವ ಭಾರವನ್ನು ಅದರಿಂದ ಕಳೆಯಬೇಕು; ಬಣ್ಣ ಬದಲಾಗುವಾಗ ವ್ಯರ್ಥವಾಗುವ ಕಾಲದ ಒಂದೂವರೆ ಪಾಲಿಗೆ ಐದು ಸೆಕೆಂಡನ್ನು ಕೂಡಿಸಿ, ಆ ಉಳಿಕೆಯಿಂದ ಭಾಗಿಸಬೇಕು. ವ್ಯರ್ಥಕಾಲವು ಹನ್ನೆರಡು ಸೆಕೆಂಡೆಂದೂ ಭಾರವು ಹತ್ತರಲ್ಲಿ ಏಳು ಪಾಲೆಂದೂ ಇಟ್ಟುಕೊಂಡರೆ ಒಂದು ಸುತ್ತು ಸುಮಾರು ೭೭ ಸೆಕೆಂಡು ಬರುತ್ತದೆ. ಭಾರವು ಒಂಬತ್ತು ಪಾಲಾದರೆ? ೨೩೦ ಸೆಕೆಂಡು. ಎಂದರೆ ವಾಹನಗಳು ಮೂರನೆಯ ಒಂದು ಪಾಲಿನಷ್ಟೂ ಹೆಚ್ಚಲಿಲ್ಲ. ಸುತ್ತು ಮಾತ್ರ ಮೂರು ಪಟ್ಟಾಯಿತು. ದೀಪವಿಲ್ಲದ ವೃತ್ತದಲ್ಲಿ ಈ ಸೂತ್ರವು ಹೀಗೆಯೇ ಅನ್ವಯಿಸದಿದ್ದರೂ ಅದರ ತತ್ತ್ವವು ಅಲ್ಲಿಯೂ ನಡೆಯುತ್ತದೆ: ತುಂಬುತ್ತಿರುವ ಮೂಲೆಯಲ್ಲಿ ಕೊನೆಯ ಕೆಲವು ವಾಹನಗಳೇ ಎಲ್ಲರನ್ನೂ ನಿಲ್ಲಿಸುತ್ತವೆ. ಇದನ್ನು ತಿರುಗಿಸಿ ಓದಿದರೆ ಬಡ ಪುರಸಭೆಗಳಿಗೆ ದೊಡ್ಡ ಆಶ್ವಾಸನೆಯೊಂದು ದೊರೆಯುವುದು. ಸ್ವಲ್ಪ ಭಾರವನ್ನು ಇಳಿಸಿದರೆ ಬಹಳ ಉಪಶಮನವಾಗುವುದು. ಶಾಲೆ ಬಿಡುವ ಹೊತ್ತಿನಲ್ಲಿ ಲಾರಿಗೆ ಒಂದು ಗಂಟೆ ತಡೆ. ಮೂಲೆಯಲ್ಲಿ ನಿಲ್ಲುವ ಆಟೋಗಳಿಗೆ ಐವತ್ತು ಹೆಜ್ಜೆ ಆಚೆ ಜಾಗ. ಬಸ್ಸು ತಿರುಗುವ ಬಾಯಿಯ ಸ್ಥಳಾಂತರ. ಯಾರ ಮುಂಗಟ್ಟನ್ನೂ ಒಡೆಯಬೇಕಾಗಿಲ್ಲ. ಆದರೆ ಯಾವ ಭಾರವನ್ನು ಎಲ್ಲಿ ಇಳಿಸಬೇಕೆಂಬುದು ಎಣಿಸಿದವನಿಗಲ್ಲದೆ ಇತರರಿಗೆ ತಿಳಿಯದು.

ಇಂತಹ ವಿದ್ಯೆಯನ್ನು ಕಲಿತವನ ಜೀವನವು ಮುಂದೆ ಹೇಗೆ ಸಾಗುತ್ತದೆ? ಅವನು ಸಲಹೆಗಾರ ಕಂಪೆನಿಯೊಂದನ್ನು ಸೇರಿ ಬೆಂಗಳೂರಿಗೋ, ಅಲ್ಲಿಂದ ಹೊರದೇಶಕ್ಕೋ ಹೋಗುತ್ತಾನೆ. ಹತ್ತು ಹದಿನೈದು ವರ್ಷಗಳ ಅನಂತರ ಅವನು ಬರೆಯುವ ಅನುಭವಪತ್ರದಲ್ಲಿ ಏನಿರುತ್ತದೆ? ಇಷ್ಟು ಕಿಲೋಮೀಟರಿನ ಮೇಲ್ಸೇತುವೆ, ಇಷ್ಟು ಕೋಟಿಯ ಯೋಜನೆ, ಇಷ್ಟು ಪುಟದ ವರದಿ. ಕಾಮಗಾರಿಯ ಮೊದಲು ಎಷ್ಟು ಮಂದಿ ಸಾಯುತ್ತಿದ್ದರು, ಆಮೇಲೆ ಎಷ್ಟು? ಮೊದಲು ಎಷ್ಟು ನಿಮಿಷ ಕಾಯಬೇಕಾಗಿತ್ತು, ಆಮೇಲೆ ಎಷ್ಟು? ಈ ಕಾಲಮ್ಮೇ ಆ ಪತ್ರದಲ್ಲಿ ಅಪೂರ್ವ. ನಾವು ಆ ತರುಣರನ್ನು ನಿಂದಿಸುತ್ತಿಲ್ಲ. ಕೇಳುವವರು ಏನನ್ನು ಕೇಳುತ್ತಾರೋ ಅದನ್ನೇ ಅವರು ಬರೆಯುತ್ತಾರೆ.

ಬೆಂಗಳೂರಿನ ಅನುಭವವಾದರೂ ಏನನ್ನು ಕಲಿಸಿದೆ? ೧೯೯೯ರಲ್ಲಿ ಸಿರ್ಸಿ ವೃತ್ತದ ಮೇಲ್ಸೇತುವೆಯು ತೆರೆದಾಗ ನಗರದ ಕಷ್ಟವು ಕಳೆಯಿತೆಂದು ಹಲವರು ಸಂಭ್ರಮಿಸಿದರು. ೨೦೦೩ರಲ್ಲಿ ಹೆಬ್ಬಾಳದ ಭಾರಿ ಮೇಲ್ಸೇತುವೆಯು ಆಯಿತು. ೨೦೦೮ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣವು ಅದೇ ದಾರಿಯ ತುದಿಯಲ್ಲಿ ಬಂದಿತು. ೨೦೨೫ರಲ್ಲಿ ಆ ಮೇಲ್ಸೇತುವೆಗೆ ಇನ್ನೊಂದು ಕವಲನ್ನು ಕೂಡಿಸಬೇಕಾಯಿತು. ಒಂದು ಮೂಲೆಯಲ್ಲಿ ಎತ್ತಿದ ವಾಹನವು ಮುಂದಿನ ಮೂಲೆಯಲ್ಲಿ ಇಳಿಯಲೇಬೇಕು. ಹುಬ್ಬಳ್ಳಿ-ಧಾರವಾಡಗಳ ನಡುವೆ ೨೦೧೮ರಲ್ಲಿ ಓಡತೊಡಗಿದ ಚಿಗರಿ ಬಸ್ಸುಗಳ ಕಥೆಯು ಇದಕ್ಕಿಂತ ಬೋಧಪ್ರದವಾಗಿದೆ. ಸುಮಾರು ೨೨ ಕಿಲೋಮೀಟರಿನ ದಾರಿಯಲ್ಲಿ ಬಸ್ಸಿಗೆ ಪ್ರತ್ಯೇಕ ಪಥವನ್ನು ಕೊಟ್ಟುದು ವಾಹನಗಳಿಗಿಂತ ಜನರನ್ನು ಸಾಗಿಸುವುದೇ ಮುಖ್ಯವೆಂಬ ೨೦೦೬ರ ರಾಷ್ಟ್ರೀಯ ನಗರ ಸಾರಿಗೆ ನೀತಿಗೆ ಅನುಗುಣವಾದ ಸತ್ಕಾರ್ಯವೇ ಸರಿ. ಬಸ್ಸಿನವರಿಗೆ ಪ್ರಯಾಣವು ಶೀಘ್ರವೂ ಆಯಿತು. ಆದರೆ ನಿಲ್ದಾಣವು ರಸ್ತೆಯ ನಡುವಿನಲ್ಲಿರುವುದರಿಂದ ಹತ್ತುವವನೂ ಇಳಿಯುವವನೂ ಹರಿಯುವ ವಾಹನಗಳನ್ನು ದಾಟಿಯೇ ಹೋಗಬೇಕು. ಬದಿಯ ಪಥದಲ್ಲಿ ಉಳಿದವರು ಇಕ್ಕಟ್ಟೆಂದು ಗೊಣಗುವುದೂ ನಿಂತಿಲ್ಲ. ನಕ್ಷೆಯನ್ನು ಬರೆದ ಇಂಜಿನಿಯರು ಕಾಮಗಾರಿ ಮುಗಿದೊಡನೆ ಬೇರೆ ಊರಿಗೆ ಹೊರಟುಹೋಗದೆ, ಎರಡು ಮೂರು ವರ್ಷ ಅಲ್ಲಿಯೇ ನಿಂತು ತಿದ್ದುತ್ತ ಹೋಗುವ ಪದ್ಧತಿಯಿದ್ದರೆ ಈ ಗೊಣಗಾಟದ ಅರ್ಧವಾದರೂ ಅಡಗಬಹುದು.

ದಾವಣಗೆರೆಯು ೨೦೧೬ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಪಟ್ಟಿಯಲ್ಲಿಯೇ ಸ್ಥಾನವನ್ನು ಪಡೆಯಿತು. ಅಶೋಕ ರಸ್ತೆಯ ರೈಲ್ವೆ ಗೇಟಿನ ಮುಂದೆ ಒಂದು ತಲೆಮಾರು ಕಾದು ನಿಂತ ಆ ಊರಿಗೆ ಇದು ಸಲ್ಲತಕ್ಕದ್ದೇ. ಆದರೆ ಆ ಭಾಗ್ಯದ ಒಂದು ಹನಿಯಾದರೂ ಚನ್ನಗಿರಿಗೆ, ತುಂಗಭದ್ರೆಯ ದಂಡೆಯ ಹೊನ್ನಾಳಿಗೆ, ಅದರಿಂದ ಬೇರ್ಪಟ್ಟು ಈಚೆಗೆ ತಾಲೂಕಾದ ನ್ಯಾಮತಿಗೆ, ಜಗಳೂರಿಗೆ ಬರಬೇಡವೆ?

ಸಣ್ಣ ಊರಿನ ಕೆಲಸದಲ್ಲಿ ಇಂಜಿನಿಯರಿಗೆ ಕೀರ್ತಿಯಿಲ್ಲವೆಂದು ಹೇಳುವವರು ಹಾಲೆಂಡಿನ ಹಾನ್ಸ್ ಮಾಂಡರ್ಮನ್ ಎಂಬವರ ಚರಿತ್ರೆಯನ್ನು ನೋಡತಕ್ಕದ್ದು. ೧೯೪೫ರಲ್ಲಿ ಹುಟ್ಟಿ ೨೦೦೮ರಲ್ಲಿ ತೀರಿಕೊಂಡ ಈ ಸಂಚಾರ ಇಂಜಿನಿಯರು ಕೆಲಸಮಾಡಿದುದು ಫ್ರೀಸ್‌ಲ್ಯಾಂಡೆಂಬ ಪ್ರಾಂತದ ಹಳ್ಳಿಗಳಲ್ಲಿಯೂ ಸಣ್ಣ ಪಟ್ಟಣಗಳಲ್ಲಿಯೂ. ಔಡೆಹಾಸ್ಕೆ ಎಂಬ ಹಳ್ಳಿಯಲ್ಲಿ ಅವರು ಫಲಕಗಳನ್ನೂ ಉಬ್ಬುಗಳನ್ನೂ ಹೆಚ್ಚಿಸದೆ, ಬೀದಿಯನ್ನು ನೋಡಿದೊಡನೆ ಇದು ಜನವಸತಿಯ ಬೀದಿಯೆಂದು ಚಾಲಕನಿಗೆ ತೋರುವಂತೆ ಅದರ ಹಾಸನ್ನು ಬದಲಾಯಿಸಿದರು. ವೇಗವು ತಾನಾಗಿಯೇ ಬಹುವಾಗಿ ಇಳಿಯಿತು. ಡ್ರಾಖ್ಟನ್ ಪಟ್ಟಣದಲ್ಲಿ ದಿನಕ್ಕೆ ಸುಮಾರು ೨೨,೦೦೦ ವಾಹನಗಳು ಹಾಯುವ ವೃತ್ತದ ದೀಪಗಳನ್ನೇ ತೆಗೆಸಿದರು. ಇದನ್ನು ಕೇಳಿ, ನಮ್ಮಲ್ಲಿ ದೀಪಗಳೇ ಇಲ್ಲದಿರುವುದರಿಂದ ನಾವು ಆಗಲೇ ಗುರಿಯನ್ನು ಮುಟ್ಟಿದ್ದೇವೆಂದು ಯಾರೂ ಹಾಸ್ಯಮಾಡದಿರಲಿ. ಅವರು ತೆಗೆದುದು ಎಣಿಸಿದ ಮೇಲೆ. ನಾವು ಇಡದಿರುವುದು ಎಣಿಸದೆ.

ನಮ್ಮ ಜನರಿಗೆ ಶಿಸ್ತಿಲ್ಲ, ಯಾವ ಇಂಜಿನಿಯರು ಬಂದರೇನು ಎಂಬ ಮಾತನ್ನು ದೊಡ್ಡ ಹುದ್ದೆಯವರ ಬಾಯಿಂದಲೂ ನಾವು ಕೇಳಿದ್ದೇವೆ. ೨೦೨೨ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು ೧,೬೮,೪೯೧ ಮಂದಿ. ಅವರಲ್ಲಿ ಐವರಿಗೊಬ್ಬರಂತೆ ಕಾಲ್ನಡಿಗೆಯವರು. ನಡೆಯಲು ಪಾದಚಾರಿ ದಾರಿಯೇ ಇಲ್ಲದ ಊರಿನಲ್ಲಿ ರಸ್ತೆಗಿಳಿದು ನಡೆದವನನ್ನು ಶಿಸ್ತುಗೇಡಿಯೆಂದು ಕರೆಯುವುದು ಯಾವ ನ್ಯಾಯ? ಪೋಲೀಸರ ಶಿಳ್ಳೆಯು ಅವರಿರುವ ತನಕ ಮಾತ್ರ ಕೆಲಸಮಾಡುತ್ತದೆ. ಸರಿಯಾಗಿ ಕಟ್ಟಿದ ಮೂಲೆಯು ರಾತ್ರಿಯಲ್ಲಿಯೂ ಕೆಲಸಮಾಡುತ್ತದೆ.

ಹಣವೆಲ್ಲಿಯೆಂಬ ಪ್ರಶ್ನೆಯನ್ನು ನಾವು ಒಪ್ಪುತ್ತೇವೆ. ಒಂದೊಂದು ಪುರಸಭೆಗೆ ಒಬ್ಬೊಬ್ಬ ತಜ್ಞನನ್ನು ನೇಮಿಸುವುದು ಸಾಧ್ಯವಿಲ್ಲ, ಅಗತ್ಯವೂ ಇಲ್ಲ. ಸಂವಿಧಾನದ ೭೪ನೆಯ ತಿದ್ದುಪಡಿಯು ಹನ್ನೆರಡನೆಯ ಅನುಸೂಚಿಯಲ್ಲಿ ರಸ್ತೆ, ಸೇತುವೆ, ವಾಹನ ನಿಲುಗಡೆ, ಬಸ್ಸು ತಂಗುದಾಣಗಳನ್ನು ಪಟ್ಟಣದ ಆಡಳಿತಕ್ಕೆ ವಹಿಸಬಹುದಾದ ಕಾರ್ಯಗಳೆಂದು ಎಣಿಸಿರುವಾಗ, ಆ ಕಾರ್ಯಗಳಿಗೆ ಬೇಕಾದ ವಿದ್ಯೆಯನ್ನು ಒದಗಿಸುವುದು ರಾಜ್ಯದ ಕರ್ತವ್ಯವಾಗಿದೆ. ರಾಜ್ಯದಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯವೆಂಬುದು ೨೦೦೭ರಲ್ಲಿಯೇ ಹುಟ್ಟಿದೆ. ಪ್ರತಿ ಜಿಲ್ಲೆಯಲ್ಲಿಯೂ ನಗರಾಭಿವೃದ್ಧಿ ಕೋಶವಿದೆ. ದಾವಣಗೆರೆಯ ಕೋಶದಲ್ಲಿ ಒಬ್ಬ ಸಂಚಾರ ಇಂಜಿನಿಯರನ್ನಿರಿಸಿ, ಜಿಲ್ಲೆಯ ಪಟ್ಟಣಗಳಿಗೆ ಸರದಿಯಂತೆ ತಿಂಗಳಿಗೆ ಕೆಲವು ದಿನ ಅವನು ಬಂದಿರತಕ್ಕದ್ದೆಂದು ವಿಧಿಸಿದರೆ ಸಾಕು. ಅವನ ಬಡ್ತಿಯ ಕಡತದಲ್ಲಿ ಖರ್ಚಾದ ರೂಪಾಯಿಗಳ ಬದಲು, ಕೈಹಾಕಿದ ಪ್ರತಿಯೊಂದು ಮೂಲೆಯ ಹಿಂದಿನ ಮೂರು ವರ್ಷದ ಮತ್ತು ಮುಂದಿನ ಮೂರು ವರ್ಷದ ಅಪಘಾತದ ಸಂಖ್ಯೆಯನ್ನು ಬರೆಯತಕ್ಕದ್ದು. ಅನುಭವವೆಂದರೆ ನಾವು ಅದನ್ನೇ ಅನುಭವವೆನ್ನುತ್ತೇವೆ.

ಅಲ್ಲಿಯವರೆಗೆ ಚನ್ನಗಿರಿಯ ಪುರಪ್ರಮುಖರು ಸುಮ್ಮನೆ ಕುಳಿತಿರಬೇಕಾಗಿಲ್ಲ. ಮುಂದಿನ ಅಡಿಕೆಯ ಸುಗ್ಗಿಯಲ್ಲಿ, ಸಂತೆಯ ದಿನವೂ ಸೇರುವಂತೆ ಒಂದು ವಾರ, ಬೆಳಗಿನ ಎಂಟರಿಂದ ರಾತ್ರಿಯ ಎಂಟರವರೆಗೆ ಬಸ್ ನಿಲ್ದಾಣದ ಹತ್ತಿರದ ಕೂಡುರಸ್ತೆಯಲ್ಲಿ ವಾಹನಗಳನ್ನೂ ರಸ್ತೆಯನ್ನು ದಾಟುವ ಜನರನ್ನೂ ಎಣಿಸಿ ಬರೆಯಿಸಲಿ. ಅದಕ್ಕೆ ಬೇಕಾದುದು ಹತ್ತು ಹನ್ನೆರಡು ಮಂದಿ ಕಾಲೇಜು ವಿದ್ಯಾರ್ಥಿಗಳು, ಕೆಲವು ನೋಟುಬುಕ್ಕುಗಳು, ಮತ್ತು ಆ ಲೆಕ್ಕವನ್ನು ಓದಬಲ್ಲ ಒಬ್ಬ ಇಂಜಿನಿಯರು. ಮೊದಲಿನ ಎರಡು ಊರಿನಲ್ಲಿಯೇ ಇವೆ. ಮೂರನೆಯದನ್ನು ಸರಕಾರದವರು ಕಳುಹಿಸಿಕೊಡಬೇಕು.