ಪದಬಂಧ ಬಿಡಿಸಿದರೆ ಮರೆವು ಹೋದೀತೆ?

ಮಹಿಳಾ ದಿನಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಉಪದೇಶ ಬಂದಿತ್ತು: ಹೆಂಗಸರಿಗೆ ಅಲ್ಝೈಮರ್ ಕಾಟ ಜಾಸ್ತಿ, ಹಾಗಾಗಿ ಅಮ್ಮಂದಿರು ದಿನಕ್ಕೊಂದು ಪದಬಂಧ ಬಿಡಿಸಬೇಕು, ನೆನೆಸಿದ ಬಾದಾಮಿ ತಿನ್ನಬೇಕು. ಪದಬಂಧದ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಮೂರನೇ ಕ್ಲಾಸಿಗೇ ಶಾಲೆ ಬಿಡಿಸಿ ತಮ್ಮನನ್ನು ಎತ್ತಿಕೊಳ್ಳಲು ಹಚ್ಚಿದ ಹೆಣ್ಣಿಗೆ ಎಪ್ಪತ್ತರಲ್ಲಿ ಪದಬಂಧ ಬಿಡಿಸು ಎನ್ನುವುದು ಕುಹಕ. ಅವಳ ಮರೆವಿನ ಅಪಾಯದಲ್ಲಿ ತಗ್ಗಿಸಬಹುದಾದ ಪಾಲು ಬಹುಮಟ್ಟಿಗೆ ಇರುವುದು ಅವಳ ಕೈಯಲ್ಲಲ್ಲ, ಮನೆಯವರ ಕೈಯಲ್ಲಿ.

ಹೆಂಗಸರ ಆಯಸ್ಸು ಹೆಚ್ಚು, ಇದು ವಯಸ್ಸಿನ ಕಾಯಿಲೆ, ಅಲ್ಲಿಗೆ ಲೆಕ್ಕ ಸರಿಹೋಯಿತಲ್ಲ ಎನ್ನುವವರಿದ್ದಾರೆ. ಆ ಮಾತಿನಲ್ಲಿ ಹುರುಳಿದೆ. ವಂಶವಾಹಿಯ ಪಾತ್ರವನ್ನೂ ತಳ್ಳಿಹಾಕುವಂತಿಲ್ಲ: ಎಪಿಒಇ4 ಎಂಬ ವಂಶವಾಹಿ ರೂಪದ ಒಂದು ಪ್ರತಿ ಇದ್ದರೆ 65ರಿಂದ 75ರ ವಯಸ್ಸಿನಲ್ಲಿ ಅದರ ಪೆಟ್ಟು ಗಂಡಸರಿಗಿಂತ ಹೆಂಗಸರಿಗೆ ಜೋರು. ಆದರೂ ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ. ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ ಡಿಮೆನ್ಷಿಯಾ, ಅಂದರೆ ಅಲ್ಝೈಮರ್‌ನಂಥ ಮರೆವಿನ ಕಾಯಿಲೆ, ಇದೆಯೆಂದು ರಾಷ್ಟ್ರಮಟ್ಟದ ಅಧ್ಯಯನವೊಂದು 2023ರಲ್ಲಿ ಅಂದಾಜಿಸಿತು. ವಯಸ್ಸು ಹೆಚ್ಚಾದವರಲ್ಲಿ, ಹೆಂಗಸರಲ್ಲಿ, ಓದದವರಲ್ಲಿ, ಹಳ್ಳಿಯವರಲ್ಲಿ ಅದು ಹೆಚ್ಚು. ಈ ನಾಲ್ಕೂ ಕೂಡಿಬರುವುದು ಹಳ್ಳಿಯ ಅಜ್ಜಿಯಲ್ಲೇ.

ಮುಟ್ಟು ನಿಂತ ಮೇಲೆ ಹಾರ್ಮೋನ್ ಮಾತ್ರೆ ನುಂಗಿದರೆ ಮಿದುಳು ಉಳಿದೀತು ಎಂಬ ಆಸೆಯೂ ಇತ್ತು. ಆದರೆ 65 ದಾಟಿದವರಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟಿನ್ ಜೋಡಿಮಾತ್ರೆ ಡಿಮೆನ್ಷಿಯಾದ ಅಪಾಯವನ್ನು ಇಮ್ಮಡಿ ಮಾಡಿತೆಂದು ಅಮೆರಿಕದ ಅಧ್ಯಯನವೊಂದು 2003ರಲ್ಲಿ ತೋರಿಸಿತು.

ಹಾಗಾದರೆ ತಗ್ಗಿಸಬಹುದಾದ ಅಪಾಯ ಯಾವುದು? ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಡಿಮೆನ್ಷಿಯಾ ಆಯೋಗ 2024ರಲ್ಲಿ 14 ಅಪಾಯಕಾರಿ ಅಂಶಗಳನ್ನು ಗುರುತಿಸಿದೆ. ಅವನ್ನೆಲ್ಲ ನೀಗಿಸಿದರೆ ಜಗತ್ತಿನ ಸುಮಾರು ಶೇ 45ರಷ್ಟು ಡಿಮೆನ್ಷಿಯಾವನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅದರ ಅಂದಾಜು. ಆ ಪಟ್ಟಿಯಲ್ಲಿ ಓದಿನ ಕೊರತೆಯಿದೆ, ಬಿಪಿ, ಸಕ್ಕರೆ ಕಾಯಿಲೆಗಳಿವೆ, ಖಿನ್ನತೆಯಿದೆ, ಒಂಟಿತನವಿದೆ. ನಮ್ಮ ಮನೆಗಳಲ್ಲಿ ಯಾರೂ ಲೆಕ್ಕಕ್ಕಿಡದ ಕಿವಿಯೂ ಇದೆ.

ಅಜ್ಜಿಗೆ ಕಿವಿ ಮಂದವಾದದ್ದು ನಮ್ಮಲ್ಲಿ ಕಾಯಿಲೆಯಲ್ಲ, ತಮಾಷೆ. ಟಿವಿ ಸೌಂಡು ಜಾಸ್ತಿ ಇಟ್ಟರೆ ಗದರುತ್ತೇವೆ. ಎರಡು ಸಲ "ಏನಂದೆ?" ಎಂದರೆ "ಏನಿಲ್ಲ ಬಿಡಜ್ಜಿ" ಎಂದು ಮಾತು ಮುಗಿಸುತ್ತೇವೆ. ಕ್ರಮೇಣ ಅವಳು ಕೇಳುವುದನ್ನೇ ಬಿಡುತ್ತಾಳೆ. ಮದುವೆ ಮನೆಯಲ್ಲೂ ಮೂಲೆಯ ಕುರ್ಚಿ ಹಿಡಿಯುತ್ತಾಳೆ. ಶಬ್ದವೂ ಇಲ್ಲ, ಸಂಗವೂ ಇಲ್ಲ. ಪಟ್ಟಿಯ ಎರಡು ಅಂಶಗಳು ಒಟ್ಟಿಗೇ ಅವಳ ತಲೆಗೆ ಬಂದವು. ಕಿವಿಗೆ ಮಿಷನ್ ಹಾಕಿದರೆ ಮರೆವು ನಿಲ್ಲುತ್ತದೆಂದು ನಾನು ಹೇಳುತ್ತಿಲ್ಲ. ಅದನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಒಟ್ಟಾರೆ ಫಲ ಕಾಣಲಿಲ್ಲ. ಮೊದಲೇ ಹೆಚ್ಚು ಅಪಾಯದಲ್ಲಿದ್ದವರ ಗುಂಪಿನಲ್ಲಿ ಮಾತ್ರ ಅರಿವಿನ ಕುಸಿತ ಮೂರು ವರ್ಷಗಳಲ್ಲಿ ಶೇ 48ರಷ್ಟು ನಿಧಾನವಾಯಿತು. ಅಷ್ಟಾದರೂ ಸಾಲದೆ? ಕಿವಿ, ಮಾತಿನ ತೊಂದರೆಗಳಿಗೆಂದೇ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ವರ್ಷಕ್ಕೊಮ್ಮೆ ಕಾರನ್ನು ಸರ್ವಿಸಿಗೆ ತಪ್ಪದೆ ಬಿಡುವ ಮಗನಿಗೆ ಅಮ್ಮನ ಕಿವಿ ಪರೀಕ್ಷೆ ಮಾಡಿಸಲು ಪುರುಸೊತ್ತಿಲ್ಲ.

ಬಿಪಿಯ ಕಥೆಯೂ ಇದೇ. ನಡುವಯಸ್ಸಿನಲ್ಲೇ ಅದನ್ನು ಹಿಡಿತದಲ್ಲಿಟ್ಟರೆ ಮಿದುಳಿಗೂ ಕ್ಷೇಮ. ಗಂಡನ ಮಾತ್ರೆಯನ್ನು ಊಟದ ತಟ್ಟೆಯ ಪಕ್ಕದಲ್ಲೇ ಇಡುವವಳು ತನ್ನ ಮಾತ್ರೆ ಮುಗಿದು ವಾರವಾದರೂ ಬಾಯಿ ಬಿಡುವುದಿಲ್ಲ. ಮನೆಯಲ್ಲಿ ಕೇಳುವವರೂ ಇರುವುದಿಲ್ಲ. ಬಾದಾಮಿಯ ದುಡ್ಡಿನಲ್ಲಿ ಆ ಮಾತ್ರೆ ತಿಂಗಳಿಗಾಗುವಷ್ಟು ಬರುತ್ತದೆ.